ಕರಡಿಯ ತೆಕ್ಕೆ

ಕಲ್ಲುಗಳಿಗೆ ಬಾಯಿದ್ದ ಕಾಲ, ಕರಡಿಗಳಿಗೆ ಮನೆ-ಮಠ ಇದ್ದ ಕಾಲ. ಸಂಡೂರಿನ ಗುಡ್ಡದಲ್ಲಿ ಒಂದು ಕರಡಿ ಇತ್ತಂತೆ. ಅದಕ್ಕೆ ಸಂಸಾರ ಮಾಡುವ ಆಸೆ ಹುಟ್ಟಿತಂತೆ. ಸೀತಾಫಲ ಕೀಳಲು ಬಂದ ಹೆಣ್ಣೊಬ್ಬಳನ್ನು ಎತ್ತಿಕೊಂಡು ಹೋಗಿ ಗವಿಯಲ್ಲಿ ಇಟ್ಟುಕೊಂಡಿತು. ಜೇನು ತಂದು ಕೊಟ್ಟಿತು, ಕಾರೆಹಣ್ಣು ತಂದು ಕೊಟ್ಟಿತು, ಚಳಿಗೆ ತನ್ನ ಮೈಯನ್ನೇ ಹೊದಿಸಿತು. ಆದರೆ ಮೇವಿಗೆ ಹೋಗುವ ಮುಂಚೆ ದಿನಾ ಅವಳ ಎರಡೂ ಅಂಗಾಲುಗಳನ್ನು ನೆಕ್ಕುತ್ತಿತ್ತು. ನೆಕ್ಕಿ ನೆಕ್ಕಿ ಅಂಗಾಲಿನ ಚರ್ಮ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗಾಯಿತು. ನೆಲಕ್ಕೆ ಕಾಲು ಊರಿದರೆ ಜೀವ ಹೋದಂತಾಗುತ್ತಿತ್ತು. ಆ ಗವಿಗೆ ಬಾಗಿಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಡೆಗೊಂದು ದಿನ ಅವಳ ಅಣ್ಣತಮ್ಮಂದಿರು ಕೊಡಲಿ ಹಿಡಿದು ಬಂದರು, ಕರಡಿಯನ್ನು ಕಡಿದು ಹಾಕಿದರು, ಅವಳನ್ನು ಹೆಗಲ ಮೇಲೆ ಹೊತ್ತು ಊರಿಗೆ ತಂದರು. ದಾರಿಯುದ್ದಕ್ಕೂ ಅವಳು ಅತ್ತಳಂತೆ. ಯಾಕ ಅತ್ತಳಜ್ಜಿ, ಎಂದು ಪುಟ್ಟ ತ್ರಿವೇಣಿ ಪ್ರತಿಸಲವೂ ಕೇಳುತ್ತಿದ್ದಳು. ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನ ಆ ಸಣ್ಣ ಕೋಣೆಯಲ್ಲಿ ಅಜ್ಜಿ ಮಗ್ಗುಲು ಬದಲಿಸಿ, "ಅಂಗಾಲು ಉರೀತಿದ್ದೂವೇನೋ, ಮಕ್ಕೋ," ಎನ್ನುತ್ತಿದ್ದಳು.

ಆ ತ್ರಿವೇಣಿ ಈಗ ಕಂಪ್ಲಿಯ ಅಕ್ಕಿ ಗಿರಣಿಯವರ ಸೊಸೆ. ಗಿರಣಿಯ ಮಗ್ಗುಲಲ್ಲೇ ಮನೆ. ಮಹಡಿಯ ಮೇಲಿನ ಕೋಣೆಯಲ್ಲಿ, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು, ತಾನೇ ಕಟ್ಟಿದ ಕರಡಿಯ ಎದುರು ಕಾಲು ಚಾಚಿ ಕುಳಿತಿದ್ದಳು. ಕೆಳಗೆ ಗಿರಣಿ ಓಡತೊಡಗಿದರೆ ಕೋಣೆಯ ನೆಲ ಸಣ್ಣಗೆ ನಡುಗುತ್ತದೆ. ಆ ನಡುಕ ಕರಡಿಯ ಮೈಗೆ ಹತ್ತಿ, ಸಾವಿರಾರು ಪ್ಲಾಸ್ಟಿಕ್ ತುಂಡುಗಳು ಒಂದಕ್ಕೊಂದು ಏನೋ ಪಿಸುಗುಟ್ಟುತ್ತವೆ. ಮಕ್ಕಳು ಆಡುವ ಇಟ್ಟಂಗಿಗಳು ಅವು. ತಲೆಯ ಮೇಲೆ ಗುಂಡು ಗುಂಡು ಮೊಳೆ, ಹೊಟ್ಟೆಯ ಕೆಳಗೆ ಗುಳಿ. ಒಂದರ ಮೇಲೊಂದಿಟ್ಟು ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುವಂಥವು. ಅಂಥವನ್ನೇ ಪೇರಿಸಿ ಪೇರಿಸಿ ಅವಳು ಹಿಂಗಾಲ ಮೇಲೆ ಎದ್ದು ನಿಂತ ಕರಡಿಯೊಂದನ್ನು ಮಾಡಿದ್ದಳು. ಅವಳಿಗಿಂತ ಒಂದು ಗೇಣು ಎತ್ತರ. ಮೂತಿ ಬೂದಿಬಣ್ಣ, ಜೋತು ಬಿದ್ದ ಕೆಳದುಟಿ, ಎದೆಯ ಮೇಲೆ ಬಿಳಿಯ ಪಟ್ಟೆ, ಉಳಿದದ್ದೆಲ್ಲ ಕಪ್ಪು. ಎಡಗೈಗೆ ಐದು ಉಗುರು ಕೂರಿಸಿಯಾಗಿತ್ತು. ಬಲಗೈಗೆ ನಾಲ್ಕು. ಐದನೆಯದನ್ನು ಅವಳು ಬೆರಳುಗಳ ನಡುವೆ ಹೊರಳಿಸುತ್ತಿದ್ದಳು. ಇದನ್ನು ಕೂರಿಸಿದರೆ ಯಾವ ತಂಟೆಯೂ ಇಲ್ಲ, ಉಳಿದೆಲ್ಲ ಕರಡಿಗಳಂಥ ಒಂದು ಕರಡಿ. ಆದರೆ ಕೈ ಮುಂದೆ ಹೋಗುತ್ತಿರಲಿಲ್ಲ, ಯಾಕೆಂದರೆ ಆವತ್ತಿನ ಆ ನಿಜದ ಕರಡಿಗೆ ಬಲಗೈಯಲ್ಲಿ ನಾಲ್ಕೇ ಇದ್ದವು. ಅದನ್ನು ಅವಳು ನೋಡಿದ್ದಳು. ನೋಡಿಲ್ಲವೆಂದು ಎಲ್ಲರಿಗೂ ಹೇಳಿದ್ದಳು.

ಕರಡಿ ಕಟ್ಟಿಕೊಡು ಎಂದವನು ಗಂಡ ತಿಪ್ಪೇಶನೇ. ಬಳ್ಳಾರಿಯ ಆಸ್ಪತ್ರೆಯಲ್ಲಿ, ಮುಖಕ್ಕೆ ಸುತ್ತಿದ ಬಟ್ಟೆಯೊಳಗಿಂದ, ಹೊಲಿಗೆ ಹಾಕಿದ ತುಟಿಯಲ್ಲಿ ಮಾತು ಹೊರಡಿಸಲು ಒದ್ದಾಡುತ್ತ ಹೇಳಿದ್ದ. "ನಾ ಏನೂ ನೋಡ್ಲಿಲ್ಲಲೇ. ಕರ್ರಗ ಒಂದು ಮ್ಯಾಲೆ ಬಂತು, ನಾತ ಬಂತು, ಅಷ್ಟ. ನನ್ನ ಎರಡೂ ಕಣ್ಣು ತಿಂದದ್ದು ಹೆಂಗಿತ್ತಂತ ನನಗ ಗೊತ್ತಿಲ್ಲ ಅಂದ್ರ ಹೆಂಗ? ನೀ ಅದರ ಬೆನ್ನರ ನೋಡೀದಿ. ನಿನ್ನ ಇಟ್ಟಂಗ್ಯಾಗ ಕಟ್ಟು. ಕೈಲೆ ಮುಟ್ಟಿ ನೋಡ್ತೀನಿ. ನೋಡಿದ ಮ್ಯಾಲೆ ನೀನ ಕುಂತು ಬಿಡಿಸಿಹಾಕು, ಒಂದು ತುಂಡು ಇನ್ನೊಂದಕ್ಕ ಕಚ್ಕೊಂಡಿರಬಾರದು ಹಂಗ. ಮನ್ಯಾಗ ಇಟ್ಕೋಬ್ಯಾಡ. ಮಾತು ಕೊಡು." ಅವಳು ಅವನ ಕೈಯಲ್ಲಿ ಕೈಯಿಟ್ಟು ಹೂಂ ಅಂದಿದ್ದಳು. ಆ ಕೈ ಬಿಸಿಯಾಗಿತ್ತು, ಮಗುವಿನ ಕೈಯಂತೆ. ಅವಳ ಮೇಲೆ ಏಳುತ್ತಿದ್ದದ್ದೂ ಅದೇ ಕೈ.

ಬೆನ್ನು ಮಾತ್ರ ನೋಡಿದೆ ಎಂಬ ಮಾತನ್ನು ಅವಳು ಫಾರೆಸ್ಟಿನವರಿಗೆ ಹೇಳಿದ್ದಳು, ಪೊಲೀಸರಿಗೆ ಹೇಳಿದ್ದಳು, ಅತ್ತೆ ವಿರುಪಮ್ಮನಿಗೆ ಅಳುತ್ತ ಹೇಳಿದ್ದಳು. ಹೇಳಿ ಹೇಳಿ ಅದು ಶಾಲೆಯ ಪದ್ಯದಂತೆ ಬಾಯಿಪಾಠವಾಗಿತ್ತು: ತಲೆ ಬಗ್ಗಿಸಿಕೊಂಡು ಕಾರಿನಲ್ಲಿ ಕುಳಿತಿದ್ದೆ, ಕೂಗು ಕೇಳಿ ತಲೆ ಎತ್ತಿದೆ, ಹಾರ್ನ್ ಹೊಡೆದೆ, ಅಷ್ಟರಲ್ಲಿ ಅದು ತಿರುಗಿ ಗುಡ್ಡದ ಕಡೆ ಹೊರಟಿತ್ತು. ನಿಜ ಬೇರೆ. ಸಂಡೂರಿನಲ್ಲಿ ಮದುವೆ ಮುಗಿಸಿ ಸಂಜೆ ತಿರುಗಿ ಬರುವಾಗ ಅದಿರಿನ ಧೂಳಿಗೆ ರಸ್ತೆಯಂಚಿನ ಗಿಡಗಳೆಲ್ಲ ಇಟ್ಟಂಗಿಯ ಬಣ್ಣಕ್ಕೆ ತಿರುಗಿದ್ದವು. ಮದುವೆಯಲ್ಲಿ ಅವಳು ಯಾರಿಗೋ ಫೋನಿನಲ್ಲಿ ತಾನು ಪ್ಲಾಸ್ಟಿಕ್ ಇಟ್ಟಂಗಿಯಲ್ಲಿ ಕಟ್ಟಿದ ಪ್ರೆಷರ್ ಕುಕ್ಕರಿನ ಫೋಟೋ ತೋರಿಸಿ ಜೋರಾಗಿ ನಕ್ಕಿದ್ದಳಂತೆ. ತಿಪ್ಪೇಶ ಗಾಡಿ ಓಡಿಸುತ್ತಲೇ ಎಡಗೈ ಬೀಸಿದ. ಬಲಗಿವಿಯಲ್ಲಿ ಗುಂಯ್ ಎಂದು ಹುಳ ಹೊಕ್ಕಂತಾಯಿತು. ಸ್ವಲ್ಪ ದೂರದಲ್ಲಿ ಗಾಡಿ ನಿಲ್ಲಿಸಿ, ಏನೂ ಆಗಿಲ್ಲದವನಂತೆ ಇಳಿದು, ಸೀತಾಫಲದ ಪೊದೆಗೆ ಮುಖ ಮಾಡಿ ನಿಂತ. ಪೊದೆಯ ಹಿಂದಿದ್ದ ಬಂಡೆಗಲ್ಲು ಮಿಸುಕಿತು. ಅವಳಿಗೆ ಅದೇನೆಂದು ಅವನಿಗಿಂತ ಮೊದಲೇ ಗೊತ್ತಾಯಿತು. ಅವಳ ಬಲಗೈ ತಾನೇ ತಾನಾಗಿ ಹಾರ್ನಿನ ಮೇಲೆ ಹೋಗಿ ಕುಳಿತಿತು. ಕುಳಿತದ್ದು ಕುಳಿತೇ ಇತ್ತು. ಗಾಜು ಏರಿಸಿತ್ತು, ಒಂದು ಕಿವಿ ಕೆಟ್ಟಿತ್ತು. ಅವನ ಕೂಗು ಪಕ್ಕದ ಮನೆಯ ಟೀವಿಯಿಂದ ಬಂದಂತೆ ಬಂತು. ಕರಡಿ ಎದ್ದು ನಿಂತು, ಎಡಗೈಯನ್ನು ಅವನ ಕತ್ತಿನ ಹಿಂದೆ ಹಾಕಿ, ಕೂಸಿಗೆ ನೀರು ಹಾಕುವವರು ತಲೆ ಹಿಡಿಯುತ್ತಾರಲ್ಲ, ಹಾಗೆ ಹಿಡಿದು, ಬಲಗೈಯಿಂದ ಮುಖವನ್ನು ಸುಲಿಯಿತು. ಎಷ್ಟು ನಿಧಾನ! ಅವಳಿಗೆ ಅದರ ತುಟಿ ಕಂಡಿತು, ತುಟಿಗೆ ಅಂಟಿದ ಗೆದ್ದಲು ಮಣ್ಣು ಕಂಡಿತು, ಬಲಗೈಯಲ್ಲಿ ಒಂದು ಉಗುರು ಇಲ್ಲದ್ದು ಕಂಡಿತು. ಹೊಡಿ, ಎಂದು ಒಳಗೆ ಯಾರೋ ಅಂದರು. ಹಾರ್ನ್ ಹೊಡಿ ಎಂದೋ, ಅವನನ್ನು ಹೊಡಿ ಎಂದೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ವಿರುಪಮ್ಮ ಮಂಡಕ್ಕಿ ಒಗ್ಗಣ್ಣಿಯ ತಟ್ಟೆ ಹಿಡಿದು ಬಂದು, ಕೋಣೆಯೊಳಗೆ ಕಾಲಿಡದೆ ಹೊಸ್ತಿಲ ಹೊರಗೇ ಕುಳಿತಳು. ಕರಡಿಗೆ ಓರೆಯಾಗಿ, ಗೋಡೆಯ ಕಡೆ ಮುಖ.

"ಅದರ ಮಾರಿ ಆ ಕಡಿ ತಿರುವಬಾರದೇನವ್ವಾ? ನೋಡಿದ್ರ ನೀರು ಕುಡದದ್ದು ಹೊಟ್ಯಾಗ ನಿಂದ್ರಂಗಿಲ್ಲ."

"ತಿರುವಾಕ ಹೋದ್ರ ಬಿಚ್ಕೊಂತೈತ್ರಿ ಅತ್ತಿ."

"ಕುಕ್ಕರ್ ಕಟ್ಟಿದಿ. ಅದಿರು ಲಾರಿ ಕಟ್ಟಿದಿ. ನನ್ನ ಹಲ್ಲಿನ ಸೆಟ್ಟು ಗಲಾಸಿನ್ಯಾಗ ಇಟ್ಟದ್ದನ್ನ ಕಟ್ಟಿ ಊರಿಗೆಲ್ಲಾ ಫೋಟೋ ಕಳಿಸಿದಿ. ಒಂದರ ಕೂಸಿನ ಗೊಂಬಿ ಕಟ್ಟಿದ್ರ ದೇವರಿಗೆ ಕರುಣಾ ಬರ್ತಿತ್ತೋ ಏನೋ. ಈಗ ನನ್ನ ಮಗನ್ನ ತಿಂದದ್ದನ್ನ ತಂದು ಮನ್ಯಾಗ ನಿಂದ್ರಿಸೀದಿ."

"ನಿಮ್ಮ ಮಗಾನ ಕಟ್ಟು ಅಂದ್ರು."

"ಅವ ಕಟ್ಟಬ್ಯಾಡ ಅಂದಾಗ ಬಿಟ್ಟಿದ್ದೇನು, ಈಗ ಕಟ್ಟು ಅಂದದ್ದಕ್ಕ ಕಟ್ಟಾಕ?" ವಿರುಪಮ್ಮ ತಟ್ಟೆಯನ್ನು ನೆಲದ ಮೇಲೆ ಒಳಕ್ಕೆ ನೂಕಿದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ದನಿ ತಗ್ಗಿಸಿ, "ಏನರ ಆಗ್ಲಿ. ನೀ ಆವತ್ತು ಹಾರ್ನ್ ಹೊಡೀದಿದ್ರ ನನ್ನ ಮಗ ಹೆಣ ಆಗಿ ಬರ್ತಿದ್ದ. ಅದನ್ನ ನಾ ಸಾಯೂತನಕ ಮರಿಯಂಗಿಲ್ಲವ್ವ. ತಿನ್ನು, ಆರ್ತೈತಿ," ಅಂದಳು.

ಒಗ್ಗಣ್ಣಿ ಬಾಯಲ್ಲಿ ಹೊಟ್ಟಿನಂತೆ ಹೊರಳಿತು. ಬೈದಿದ್ದರೆ ಚೆನ್ನಾಗಿತ್ತು, ಬೈಗುಳ ಅವಳಿಗೆ ರೂಢಿ. ಈ ಮನೆಯಲ್ಲಿ ಅವಳು ಮೊದಲ ಡಬ್ಬಿ ಇಟ್ಟಂಗಿ ತರಿಸಿಕೊಂಡಾಗ ಎಲ್ಲರೂ ಖುಷಿಪಟ್ಟಿದ್ದರು, ಏನೋ ವಿಶೇಷ ಇದೆ ಎಂದುಕೊಂಡು. ಹೊಟ್ಟೆಯಲ್ಲಿ ಏನೂ ಇಲ್ಲ, ಆಟ ತನಗೇ ಎಂದು ತಿಳಿದ ಮೇಲೆ ಆ ಡಬ್ಬಿಯನ್ನು ನೋಡುವ ಎಲ್ಲರ ಕಣ್ಣಿನಲ್ಲೂ ಒಂದು ಸತ್ತ ಕೂಸು ಕಾಣುತ್ತಿತ್ತು. ಫೋನಿನಲ್ಲಿ ಅವಳಂಥವರ ಗುಂಪೊಂದಿತ್ತು: ಹೊಸಪೇಟೆಯ ಹಲ್ಲಿನ ಡಾಕ್ಟರು, ತೋರಣಗಲ್ಲಿನ ಶಿಫ್ಟ್ ಇಂಜಿನಿಯರು, ಕಾಲುವೆ ಕಚೇರಿಯ ಗುಮಾಸ್ತ ಜಂಬುನಾಥ. ಎಲ್ಲ ಮೀಸೆ ಬಂದವರು, ಎಲ್ಲರೂ ಹಂಪಿಯ ಕಲ್ಲಿನ ತೇರನ್ನೇ ಮತ್ತೆ ಮತ್ತೆ ಕಟ್ಟುವವರು. ಅವರಲ್ಲೊಂದು ನೇಮವಿತ್ತು. ಅಂಟು ಹಾಕಬಾರದು, ಒಡೆಯಬಾರದು. ಕಟ್ಟಿದವರೇ ಕುಳಿತು ಬಿಡಿಸಬೇಕು. ಬಿಡಿಸು ಎಂಬ ಆ ಮಾತು ಅವಳಿಗೆ ಇಷ್ಟವಾಗಿತ್ತು. ಬಟಾಣಿ ಬಿಡಿಸುತ್ತಾರೆ, ಒಗಟು ಬಿಡಿಸುತ್ತಾರೆ, ಗೋಜಲಾದ ದಾರ ಬಿಡಿಸುತ್ತಾರೆ. ಮೈಮೇಲೆ ಬಿದ್ದವನ ಕೈಯಿಂದಲೂ ಬಿಡಿಸುತ್ತಾರೆ. ಒಂದು ಮಧ್ಯಾಹ್ನ ತಿಪ್ಪೇಶ ಗಿರಣಿಯಲ್ಲಿ ಯಾರ ಮೇಲೋ ಬಂದ ಸಿಟ್ಟನ್ನು ಹೊತ್ತು ಮೇಲೆ ಬಂದು, ಬಣ್ಣ ಬಣ್ಣಕ್ಕೆ ಬೇರೆ ಮಾಡಿ ಇಟ್ಟಿದ್ದ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದಿದ್ದ. ಚಪ್ಪಲಿ ಬಿಡು ಅಂದಿದ್ದ. "ಆಟ ಆಡ್ತೀಯಲ್ಲ, ಆಡು. ಬಾಗಲದಿಂದ ಕಿಡಿಕಿ, ಕಿಡಿಕಿಯಿಂದ ಬಾಗಲ." ಇಟ್ಟಂಗಿಯ ಮೂಲೆಗಳು ಅಂಗಾಲಿಗೆ ಹೊಕ್ಕವು. ನಿಂತರೆ ಬೆನ್ನಿಗೆ ಬೆಲ್ಟು. ಅವಳು ನಡೆದಳು, ತಿರುಗಿದಳು, ಮತ್ತೆ ನಡೆದಳು, ನಡೆಯುತ್ತ ನಡೆಯುತ್ತ ಗವಿಯೊಳಗಿನ ಹೆಣ್ಣಾದಳು. ಆಮೇಲೆ ಅವಳಿಗೇ ಗೊತ್ತಿಲ್ಲದೆ ಬಾಯಿ ತೆರೆದು, "ಯಾರರ ಬಂದು ಬಿಡಿಸ್ರೀ," ಎಂದು ಕೂಗಿದಳು. ಕೆಳಗೆ ಅಂಗಳದಲ್ಲಿ ಹಸಿ ತೊಗರಿಕಾಯಿ ಬಿಡಿಸುತ್ತ ಕುಳಿತಿದ್ದ ವಿರುಪಮ್ಮ ಬಿಡಿಸುತ್ತಲೇ ಇದ್ದಳು. ಕಿಟಕಿಯಿಂದ ಅವಳ ನೆತ್ತಿಯ ಬೈತಲೆ ಕಾಣುತ್ತಿತ್ತು.

ಈಗ ಆ ತಿಪ್ಪೇಶ ಇಲ್ಲ. ಈಗಿನವನು ನೀರು ಕೊಡ್ತೀಯಾ ಎಂದು ಕೇಳುತ್ತಾನೆ, ಕೊಟ್ಟ ಮೇಲೆ ಗಲಾಸನ್ನು ಮಂಡಿಯ ಮೇಲೆ ಇಟ್ಟುಕೊಂಡು, ಯಾರಾದರೂ ಬಂದು ತೆಗೆದುಕೊಳ್ಳುವ ತನಕ ಕಾಯುತ್ತಾನೆ. ಅದೇ ಅವಳಿಗೆ ಸಹಿಸಲಾಗದ್ದು. ತೊಡೆಯ ಚರ್ಮ ಕಿತ್ತು ಹಚ್ಚಿದ ಆ ಮುಖಕ್ಕೆ ತುತ್ತು ಕೊಡುವಾಗ, ಬಿಸಿ ಅನ್ನವನ್ನು ಹಾಗೇ ಅದುಮಿಬಿಟ್ಟರೆ, ಎಂದು ಒಳಗೊಂದು ಕೈ ಎದ್ದು ನಿಲ್ಲುತ್ತದೆ. ಅವಳು ಅನ್ನವನ್ನು ಆರಿಸಿ, ಮೆತ್ತಗೆ ಕಲಸಿ, ಉಣ್ಣಿಸುತ್ತಾಳೆ. ಊರಿನವರು ನೋಡಿ ಕಣ್ಣೀರು ಹಾಕುತ್ತಾರೆ.

ಜಂಬುನಾಥ ಬಂದದ್ದು ಹೊತ್ತು ನೆತ್ತಿಗೇರುವ ಸಮಯಕ್ಕೆ. ಬೇಕಾದೀತೆಂದು ತನ್ನಲ್ಲಿದ್ದ ಕಪ್ಪು ಇಟ್ಟಂಗಿಗಳನ್ನೆಲ್ಲ ಚೀಲದಲ್ಲಿ ತುಂಬಿ ಡ್ಯಾಮಿನಿಂದ ಬೈಕಿನಲ್ಲಿ ತಂದಿದ್ದ. ಬಾಗಿಲಲ್ಲಿ ನಿಂತವನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ.

"ಯಪ್ಪಾ! ಅಕ್ಕಾರ, ಇದೇನ್ರೀ ಇದು! ನಾ ಚಪ್ಲಿ ಹಾಕ್ಕೊಂಡು ಓಡಾಕ ತಯಾರಾದೆ."

"ಬಾ ಜಂಬಣ್ಣ, ಕಚ್ಚಂಗಿಲ್ಲ."

ಅವನು ಕರಡಿಯ ಸುತ್ತ ಕೈಕಟ್ಟಿಕೊಂಡು, ಗುಡಿಗೆ ಬಂದವರಂತೆ ತಿರುಗಿದ. "ನಾ ತೇರು ಕಟ್ಟಿ ಕಟ್ಟಿ ಸತ್ತೆ, ಗಾಲಿ ಇವತ್ತಿಗೂ ದುಂಡಗ ಬಂದಿಲ್ಲ. ನೀವು ನೋಡಿದ್ರ ಜೀವಾನ ತುಂಬೀರಿ. ಹೊಸಪೇಟಿ ಪ್ರದರ್ಶನಕ್ಕ ಒಯ್ಯೋಣ್ರಿ, ಮಂದಿ ಮುಕುರ್ಕೊಂತಾರ. ಒಂದ ಮಾತು. ಕೈಯಾಗ ಏನರ ಕೊಡ್ರಿ ಇದಕ್ಕ. ಖಾಲಿ ತೆಕ್ಕಿ ಒಂಥರಾ ಕಾಣ್ತೈತಿ. ಒಂದು ಹಲಗಿ ಹಿಡಿಸಿ ಸುಸ್ವಾಗತ ಅಂತ ಬರೆಸಿಬಿಡ್ರಿ."

"ಯಾವ ತೆಕ್ಕಿ?"

"ಇದ, ನೋಡ್ರಲ್ಲ. ಒಬ್ಬ ಮನಶ್ಯಾ ಹಿಡಿಸೋವಷ್ಟು ಜಾಗ ಬಿಟ್ಟೀರಿ." ಜಂಬುನಾಥ ನಗುತ್ತ ಕರಡಿಯ ಎರಡು ಕೈಗಳ ನಡುವೆ ತೂರಿ ನಿಂತ. ಅವನ ತಲೆ ಕರಡಿಯ ಮೂತಿಯ ತನಕವೂ ಬರಲಿಲ್ಲ. "ನಾ ಗಿಡ್ಡ ಆದೆ. ಇದಕ್ಕ ನಮ್ಮ ತಿಪ್ಪೇಶಣ್ಣನಂಥ ಆಳು..." ಮಾತು ಅಲ್ಲೇ ನಿಂತಿತು. ಅವನು ಕರಡಿಯ ಕೈಗಳ ನಡುವಿನಿಂದ ಹೊರಗೆ ಸರಿದ. "ತಪ್ಪಾತ್ರಿ ಅಕ್ಕಾರ. ನನ್ನ ಬಾಯಿಗೆ ಬೆಂಕಿ ಹಾಕ," ಎನ್ನುತ್ತ, ಚೀಲ ಅಲ್ಲೇ ಇಟ್ಟು, ಚಹಾ ಕುಡಿಯದೆ ಇಳಿದು ಹೋದ.

ತ್ರಿವೇಣಿ ನೋಡಿದಳು. ಇಷ್ಟು ದಿನ ಕೂದಲು ನೋಡಿದ್ದಳು, ಉಗುರು ನೋಡಿದ್ದಳು, ಕಿವಿಯ ಹಿಂದಿನ ಇಳಿಜಾರು ನೋಡಿದ್ದಳು, ಖಾಲಿಯನ್ನು ನೋಡಿರಲಿಲ್ಲ. ಎದ್ದು ನಿಂತ ಕರಡಿಯನ್ನು ಕಟ್ಟುತ್ತಿದ್ದೇನೆ ಎಂದುಕೊಂಡಿದ್ದಳು. ಕೈ ತನ್ನ ಪಾಡಿಗೆ ತಾನು ಕಂಡದ್ದನ್ನು ಕಟ್ಟಿತ್ತು. ಕರಡಿಯ ಎಡಗೈ ಒಳಕ್ಕೆ ಬಾಗಿ, ಅಂಗೈ ಬೊಗಸೆಯಾಗಿ, ಯಾವುದೋ ಕತ್ತಿಗಾಗಿ ಕಾದು ನಿಂತಿತ್ತು. ಬಲಗೈ ಯಾವುದೋ ಕೆನ್ನೆಯ ಎತ್ತರಕ್ಕೆ ಬಂದು ನಿಂತಿತ್ತು. ನಡುವೆ ಗಾಳಿಯಲ್ಲಿ ತಿಪ್ಪೇಶ ಇದ್ದ. ಭುಜದ ಅಗಲ, ಕತ್ತಿನ ಓರೆ, ಎಲ್ಲವೂ ಅವನದೇ. ಬೆನ್ನು ನೋಡಿದವರು ಇದನ್ನು ಕಟ್ಟಲಾರರು. ಅವಳು ಎಡಗೈಯನ್ನು ನೆಟ್ಟಗೆ ಮಾಡಲು ಹಿಡಿದೆಳೆದಳು. ಬರಲಿಲ್ಲ. ಆ ಕೈಯ ಬೇರು ಭುಜದೊಳಗೆ, ಭುಜದ್ದು ಬೆನ್ನಿನೊಳಗೆ. ಇದನ್ನು ಬದಲಿಸಬೇಕೆಂದರೆ ಅರ್ಧ ಕರಡಿಯನ್ನು ಬಿಡಿಸಬೇಕು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೋಲಿನ ಸದ್ದು ಬಂತು. ಉಗುರನ್ನಾದರೂ ಕೂರಿಸೋಣವೆಂದರೆ ಅದು ಬೆವರಿದ ಬೆರಳಿನಿಂದ ಜಾರಿ ಎಲ್ಲೋ ಉರುಳಿತು.

"ಬಾಗಲ ಹಾಕು," ಅಂದ ತಿಪ್ಪೇಶ ಒಳಗೆ ಬಂದು. "ಅವ್ವ ಬಂದ್ರ ಅಳ್ತಾಳ, ಸುಮ್ನ." ಅವಳು ಚಿಲಕ ಹಾಕಿದಳು. ಅವನು ಕೋಲನ್ನು ಗೋಡೆಗಾನಿಸಿ, ಎರಡೂ ಕೈ ಮುಂದೆ ಚಾಚಿ, ಹೊಸ ಮನೆಗೆ ಬಂದ ಮದುಮಗನಂತೆ ನಾಚುತ್ತ ನಿಂತ. ಅವಳು ಅವನ ಮುಂಗೈ ಹಿಡಿದು ಕರಡಿಯ ಪಾದಕ್ಕೆ ಮುಟ್ಟಿಸಿದಳು. ಅವನು ಕುಕ್ಕರಗಾಲಲ್ಲಿ ಕುಳಿತು ಕೆಳಗಿನಿಂದ ಶುರು ಮಾಡಿದ. ಬೆರಳುಗಳು ಏರಿದವು. "ಕಾಲು ಇಷ್ಟ ಗಿಡ್ಡ ಐತೇನು ಸೂಳೇಮಗಂದು," ಅಂದ. ಹೊಟ್ಟೆಗೆ ಬಂದಾಗ ಹೊಲಿಗೆಯ ತುಟಿ ಒಂದು ಕಡೆ ಎಳೆದು ನಗೆಯಂಥದ್ದೇನೋ ಆಯಿತು. "ನಿಮ್ಮ ಕೊಟ್ರಯ್ಯ ಮಾವನ ಹೊಟ್ಟಿ ಆಗೈತಿ ನೋಡು." ಅವಳೂ ನಕ್ಕಳು, ನಕ್ಕಿದ್ದಕ್ಕೆ ತನಗೇ ಹೆದರಿಕೆಯಾಯಿತು. ಅವನ ಬೆರಳು ಬಲಗೈಗೆ ಬಂತು, ಉಗುರುಗಳನ್ನು ಒಂದೊಂದಾಗಿ ಮುಟ್ಟಿತು, ನಿಂತಿತು. ಆಮೇಲೆ ಅದೇ ಬೆರಳು ತನ್ನ ಕೆನ್ನೆಯ ಗುಳಿಗಳಿಗೆ ಹೋಯಿತು, ಮತ್ತೆ ಕರಡಿಯ ಕೈಗೆ ಬಂತು.

"ಒಂದು ಉಗುರು ಇಲ್ಲಲ್ಲ."

"ನಿಮ್ಮ ಮಾರಿಮ್ಯಾಲಿನ ಗಾಯ ನೋಡಿ ಕಟ್ಟಿದೆ."

"ಹೌದು. ನಾಕ ಅದಾವು." ಅವನು ತಲೆಯಾಡಿಸಿದ. "ಭಾಳ ಶಾಣ್ಯಾ ಅದಿ ನೀ. ಕಣ್ಣಿದ್ದಾಗ ನಾ ಅದನ್ನ ನೋಡ್ಲಿಲ್ಲ."

ಆ ಮಾತು ಎದೆಗೆ ತಗಲುವ ಮೊದಲೇ ಅವನ ಕೈ ಕರಡಿಯ ಎಡಗೈಯ ಮೇಲಿತ್ತು. ಭುಜದಿಂದ ಮೊಣಕೈಗೆ, ಮೊಣಕೈಯಿಂದ ಬೊಗಸೆಗೆ. ಬೊಗಸೆಯೊಳಗೆ ಅವನು ಅಂಗೈಯಿಟ್ಟು ಅದರ ಆಳ ಅಳೆದ. ಆಮೇಲೆ ಒಂದು ಹೆಜ್ಜೆ ಮುಂದಿಟ್ಟು, ಕರಡಿಗೆ ಎದೆಗೊಟ್ಟು, ಕತ್ತನ್ನು ನಿಧಾನಕ್ಕೆ ಹಿಂದಕ್ಕೆ ಬಾಗಿಸಿ ಬೊಗಸೆಯೊಳಗೆ ಇಟ್ಟ. ಹೊಂದಿತು. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಹೊಂದಿತು. ನಾಲ್ಕು ಉಗುರು ಅವನ ಕೆನ್ನೆಯ ನಾಲ್ಕು ಗುಳಿಗಳ ಎದುರು ಬಂದು ನಿಂತವು. ಕೆಳಗೆ ಗಿರಣಿ ಓಡುತ್ತಿತ್ತು. ಇಟ್ಟಂಗಿಗಳು ಅವನ ಕಿವಿಯ ಬಳಿ ಪಿಸುಗುಟ್ಟುತ್ತಿದ್ದವು.

"ಇದು ಬೆನ್ನು ನೋಡಿ ಕಟ್ಟಿದ್ದಲ್ಲ," ಅಂದ.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ತ್ರಿವೇಣಿ, ನೀ ನೋಡ್ತಾ ಕುಂತಿದ್ದಿ."

"ಹೂಂ."

"ಮದ್ಲಿಂದ?"

"ಮದ್ಲಿಂದ."

"ಹಾರ್ನು?"

"ಕೈ ಅದರ ಮ್ಯಾಲೇ ಇತ್ತು."

"ಎಷ್ಟೊತ್ತು?"

"ನಿನ್ನ ದನಿ ಸಣ್ಣದಾಗೋ ತನಕ." ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಅಂದ ಮೇಲೆ ಮಾತು ನಿಲ್ಲಲಿಲ್ಲ. "ನಾ ಒದರಿದಾಗ ನನ್ನ ದನೀನೂ ಸಣ್ಣದಾಗಿತ್ತು. ನೀ ಬಿಟ್ಟಿದ್ದೇನು? ನಿಮ್ಮವ್ವ ತೊಗರಿಕಾಯಿ ಬಿಡಿಸ್ತಾ ಕುಂತಿದ್ಲು. ನನ್ನ ಯಾರು ಬಿಡಿಸಿದ್ರು?"

ಅವನ ಎರಡೂ ಕೈ ಮೇಲೆದ್ದು ಕರಡಿಯ ಬೆನ್ನಿನ ಸುತ್ತ ಬಂದವು, ಬಿಗಿದವು. ಆ ಬಿಗಿತ ಅವಳಿಗೆ ಗೊತ್ತು. ಹಳೆಯ ತಿಪ್ಪೇಶ ಎಲ್ಲಿಗೂ ಹೋಗಿರಲಿಲ್ಲ, ಆ ಕೈಗಳೊಳಗೇ ಕುಳಿತಿದ್ದ. ಗಂಟಲಿನಿಂದ ಮನುಷ್ಯರದಲ್ಲದ ಸದ್ದು ತೆಗೆದು ಅವನು ಕರಡಿಯನ್ನು ಎತ್ತಿ ಅಪ್ಪಳಿಸಲು ಹೋದ. ಅದರ ಹಿಮ್ಮಡಿ ಲಟಲಟನೆ ಬಿಚ್ಚಿತು. ಅಷ್ಟು ಭಾರವೂ ಮುಂದಕ್ಕೆ ಬಾಗಿತು. ಕರಡಿ ಅವನನ್ನು ತಬ್ಬಿಕೊಂಡೇ ಅವನ ಮೇಲೆ ಬಿತ್ತು. ನೆಲಕ್ಕೆ ಬೆನ್ನು, ಎದೆಯ ಮೇಲೆ ಕರಡಿ, ಕತ್ತಿನ ಹಿಂದೆ ಬೊಗಸೆ. ಮುಖಕ್ಕೆ ಹಚ್ಚಿದ್ದ ಚರ್ಮ ಇಟ್ಟಂಗಿಯ ಅಂಚಿಗೆ ಸಿಕ್ಕು ಬಿರಿಯಿತು, ರಕ್ತ ಕಿವಿಯ ಕಡೆ ಹರಿಯಿತು.

"ಬಿಡಿಸು," ಎಂದು ಅವನು ಕೂಗಿದ.

ಕೆಳಗಿನಿಂದ ವಿರುಪಮ್ಮ ಓಡಿ ಬಂದು ಬಾಗಿಲು ಬಡಿಯತೊಡಗಿದಳು. "ಏನಾತಬೇ? ಬಾಗಲ ತೆಗಿ! ಯಾರರ ಬರ್ರೋ, ಬಿಡಿಸ್ರ್ಯೋ!" ತ್ರಿವೇಣಿ ನಿಂತೇ ಇದ್ದಳು. ಈ ಸಲ ಗಾಜಿರಲಿಲ್ಲ, ಎರಡೂ ಕಿವಿ ಕೇಳಿಸುತ್ತಿದ್ದವು, ಕೈಯ ಕೆಳಗೆ ಒತ್ತಲು ಏನೂ ಇರಲಿಲ್ಲ. ಅವನ ಕಾಲುಗಳು ನೆಲವನ್ನು ಕೆರೆಯುವುದು ಕಂಡಿತು. ಒಂದು ಸುಖ ಮೊಣಕಾಲಿನಿಂದ ಮೇಲಕ್ಕೆ ಏರಿ ಬಂತು, ಆವತ್ತಿನದೇ ಸುಖ, ಬೆಚ್ಚಗಿನದು, ಉಪ್ಪುಪ್ಪು. ಇದನ್ನು ಮುಚ್ಚಿಟ್ಟುಕೊಂಡಿರುವ ಕೆಲಸ ಇನ್ನಿಲ್ಲ, ಅವನಿಗೆ ಎಲ್ಲ ಗೊತ್ತು. ನಿಂತೇ ಇದ್ದರೂ ಆಯಿತು. "ಬಿಡಿಸಲೇ," ಅಂದ. ಆಮೇಲೆ "ಬಿಡಿಸ," ಅಂದ. ಆಮೇಲೆ ಬರೀ ಉಸಿರು ಬಂತು. ದನಿ ಸಣ್ಣದಾಯಿತು. ಕೇಳುತ್ತ ಕೇಳುತ್ತ ಅದು ಅವನ ದನಿಯಂತೆ ಕೇಳಿಸಲಿಲ್ಲ; ಸಣ್ಣದಾದ ಮೇಲೆ ಎಲ್ಲರ ದನಿಯೂ ಒಂದೇ ಆಗಿಬಿಡುತ್ತದೆ.

ಅವಳು ಕರಡಿಯ ಬೆನ್ನ ಮೇಲೆ ಬಿದ್ದಳು. ಎತ್ತಲು ಆಗಲಿಲ್ಲ. ಎರಡು ಇಟ್ಟಂಗಿಗಳ ನಡುವೆ ಉಗುರು ತೂರಿಸಿ ಎತ್ತಿದಳು, ಉಗುರು ಮುರಿಯಿತು, ಇನ್ನೊಂದು ಬೆರಳು ಹಾಕಿದಳು. ಬೆನ್ನು ಬಾಯಿಬಿಟ್ಟಿತು. ಹೊರಗೆಲ್ಲ ಕಪ್ಪು, ಕಾಣದ ಕಡೆಗೆ ಕಪ್ಪು ಇಟ್ಟಂಗಿಯನ್ನು ಯಾರೂ ದಂಡ ಮಾಡುವುದಿಲ್ಲ, ಕೈಗೆ ಸಿಕ್ಕ ಬಣ್ಣ ತುಂಬುತ್ತಾರೆ. ಕೆಂಪು, ಹಳದಿ, ಗುಲಾಬಿ, ಗಿಳಿಹಸಿರು, ಎಲ್ಲ ಬಿರಿದು ಅವನ ಅಕ್ಕಪಕ್ಕ ಸುರಿದವು. ಅವಳು ಬಗೆದಳು. ಎರಡೂ ಕೈಯಿಂದ, ಹಲ್ಲು ಕಚ್ಚಿ, ಬಗೆದು ಬಗೆದು ಎಸೆದಳು. ಭುಜ ಕಿತ್ತಳು, ನಾಲ್ಕು ಉಗುರಿನ ಕೈ ಕಿತ್ತಳು, ಜೋತ ತುಟಿಯ ಆ ಮೂತಿಯನ್ನು ಹಿಡಿದು ತಿರುವಿ ಗೋಡೆಗೆಸೆದಳು. ಬಾಯಿಂದ ಯಾವ ಮಾತು ಬರುತ್ತಿದೆಯೆಂದು ಅವಳಿಗೆ ಗೊತ್ತಿರಲಿಲ್ಲ. "ಬಿಡು, ಬಿಡು ಅಂದ್ರ ಬಿಡು," ಎನ್ನುತ್ತಿದ್ದಳು. ಕಡೆಗೆ ಅವನ ಕತ್ತಿನ ಕೆಳಗೆ ಕೈ ಹಾಕಿ, ತಲೆಯನ್ನು ತನ್ನ ಅಂಗೈಯಲ್ಲಿ ಎತ್ತಿ ಹಿಡಿದು, ಬೊಗಸೆಯನ್ನು ಹೊರಗೆಳೆದಳು. ಅವನು ಕೆಮ್ಮಿದ. ಮಗ್ಗುಲಾಗಿ ತೆವಳಿಕೊಂಡು ಗೋಡೆಗೆ ಹೋಗಿ ಒರಗಿದ.

"ಏನಿಲ್ಲಬೇ," ಎಂದ ಬಾಗಿಲ ಕಡೆ, ಉಸಿರು ಹಿಡಿದು. "ಕಟ್ಟಿದ್ದು ಬಿದ್ದೈತಿ, ಅಷ್ಟ. ನೀ ಕೆಳಗ ನಡಿ."

ಬಡಿತ ನಿಂತಿತು. ಇಳಿದು ಹೋಗುವ ಹೆಜ್ಜೆಗಳು ಕೇಳಿಸಿದವು.

ತ್ರಿವೇಣಿ ನಿಲ್ಲಿಸಲಿಲ್ಲ. ಬಿದ್ದ ತೊಡೆಯನ್ನು ಎಳೆದುಕೊಂಡು ಬಿಡಿಸಿದಳು, ಪಾದ ಬಿಡಿಸಿದಳು, ಗೋಡೆಯ ಬುಡದಲ್ಲಿದ್ದ ಮೂತಿಯನ್ನು ತಂದು ಬಿಡಿಸಿದಳು. ಬೆರಳ ತುದಿಗಳೆಲ್ಲ ಕೆಂಪಾಗಿ ಕಪ್ಪು ಇಟ್ಟಂಗಿಗಳು ಜಾರತೊಡಗಿದವು. ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದಳು. ಅವನು ಕೇಳುತ್ತ ಕುಳಿತಿದ್ದ. ಗಲ್ಲದಿಂದ ರಕ್ತ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ.

"ನಾ ಹೊರಗ ಬಂದೀನಿ, ಬಿಡಿನ್ನ," ಅಂದ.

"ಮಾತು ಕೊಟ್ಟೀನಿ."

"ಆಮ್ಯಾಲೆ?"

ಅವಳು ಇನ್ನೊಂದು ತುಂಡು ಎತ್ತಿಕೊಂಡಳು. ಟಕ್, ಟಕ್ ಎಂಬ ಸದ್ದು ಬಹಳ ಹೊತ್ತು ನಡೆಯಿತು. ಕೆಳಗೆ ಗಿರಣಿ ನಿಂತಿತು, ನೆಲದ ನಡುಕ ನಿಂತಿತು. ತಿಪ್ಪೇಶ ಕೆನ್ನೆ ತಡವಿಕೊಂಡು, ಹಸಿ ಗಾಯದ ಬಾಯಿಗೆ ಅಂಟಿಕೊಂಡಿದ್ದದ್ದನ್ನು ಮುಖ ಕಿವಿಚಿ ಕಿತ್ತು, ಅಂಗೈಯಲ್ಲಿಟ್ಟು ಅವಳ ಉಸಿರಿನ ದಿಕ್ಕಿಗೆ ಚಾಚಿದ. ಬೆರಳಿನಷ್ಟೂ ದಪ್ಪವಿಲ್ಲದ ಎರಡು ಚಪ್ಪಟೆ ತುಂಡುಗಳು, ಒಂದಕ್ಕೊಂದು ಕಚ್ಚಿಕೊಂಡಿದ್ದವು. ಅವಳು ತೆಗೆದುಕೊಂಡಳು. ಕೋಣೆಯಲ್ಲಿ ಕೂಡಿಕೊಂಡಿದ್ದದ್ದು ಇನ್ನು ಅದೊಂದೇ. ಒತ್ತಿ ನೋಡಿದಳು, ಬಿಡಲಿಲ್ಲ. ಹಿಡಿಯಲು ಒಂದು ಉಗುರೂ ಉಳಿದಿರಲಿಲ್ಲ. ಅವನ ರಕ್ತ ಹತ್ತಿದ್ದ ಅದನ್ನು ಹಾಗೇ ಬಾಯಿಗಿಟ್ಟು, ಹಲ್ಲಿನ ನಡುವೆ ಹಿಡಿದು, ಕಣ್ಣು ಮುಚ್ಚಿ ಕಚ್ಚಿದಳು. ಎರಡೂ ಬೇರೆಯಾದವು.

"ಆತು," ಅಂದಳು.